ಸಮನ್ಸ್ ಬಂದಿತ್ತು, ಅಮ್ಮ ಕೋರ್ಟಿಗೆ ಹೋಗಿಲ್ಲ, ಈಗೇನು ಮಾಡೋದು?

ಪ್ರಶ್ನೆ: ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತೀನಿ, ಅಮ್ಮ ಶಿರಾ ತಾಲೂಕಿನ ಹಳ್ಳೀಲಿ ಒಬ್ರೇ ಇದಾರೆ. ಅಪ್ಪ ತೀರ್ಕೊಂಡು ಆರು ವರ್ಷ. ತಾತನ ಜಮೀನಲ್ಲಿ ನಮ್ಮ ಪಾಲಿಗೆ ಬಂದ 2 ಎಕರೆ 10 ಗುಂಟೆ ನಾವೇ ಉಳ್ತಾ ಬಂದಿದೀವಿ, ಭಾಗ ಆಗಿದ್ದು ಬಾಯಿಮಾತಲ್ಲಿ, ಪತ್ರ ಏನೂ ಇಲ್ಲ. ಈಗ ದೊಡ್ಡಪ್ಪನ ಮಗ ಅದು ನನ್ದು ಅಂತ ಕೇಸ್ ಹಾಕಿದಾನೆ, ಸ್ಟೇ ತಂದಿದೀನಿ ಅಂತ ಊರೆಲ್ಲಾ ಹೇಳ್ಕೊಂಡು ಓಡಾಡ್ತಿದಾನೆ. ಅಮ್ಮ ಹೆಬ್ಬೆಟ್ಟು ಒತ್ತಿ ಸಮನ್ಸ್ ಇಸ್ಕೊಂಡ್ರು, ಆದ್ರೆ "ಅದೆಲ್ಲಾ ಸುಮ್ನೆ ಚಿಕ್ಕಮ್ಮ, ಊರಲ್ಲೇ ಕೂತು ಮಾತಾಡೋಣ" ಅಂತ ಅವನೇ ಹೇಳಿದ್ದಕ್ಕೆ ಆ ದಿನ ಕೋರ್ಟಿಗೆ ಹೋಗಿಲ್ಲ. ಒಬ್ರು 30 ಸಾವಿರ ಕೊಡಿ ಸ್ಟೇ ತೆಗೆಸ್ಕೊಡ್ತೀನಿ ಅಂತಿದಾರೆ. ಅಷ್ಟು ದುಡ್ಡಿಲ್ಲ. ಯಾರನ್ನ ಕೇಳ್ಬೇಕು, ಎಲ್ಲಿಗೆ ಹೋಗ್ಬೇಕು? ಪ್ರತಿ ವಾಯಿದೆಗೂ ನಾನು ರಜ ಹಾಕ್ಬೇಕಾ?

ಉತ್ತರ: ಮೊದ್ಲು ಆ 30 ಸಾವಿರದ ಮಾತು ಬಿಡಿ. ಸ್ಟೇ ಇದೆಯೋ ಇಲ್ವೋ ಅನ್ನೋದೇ ನಿಮಗಿನ್ನೂ ಗೊತ್ತಿಲ್ಲ, ಇಲ್ಲದೇ ಇರೋದನ್ನ ತೆಗೆಸೋಕೆ ಯಾಕೆ ದುಡ್ಡು ಕೊಡ್ತೀರಿ. ತಾಲೂಕು ಕೋರ್ಟುಗಳಲ್ಲಿ ದಿನಾ ನಡೆಯೋ ವಿಷ್ಯ ಇದು: ದಾವೆ ಹಾಕುವಾಗ ಜೊತೇಲಿ ಒಂದು ಐಎ, ಅಂದ್ರೆ ಮಧ್ಯಂತರ ಅರ್ಜಿ ಹಾಕಿ ತಡೆಯಾಜ್ಞೆ ಕೇಳ್ತಾರೆ, ಜಡ್ಜ್ ಅದನ್ನ ನೋಡಿ "ಎದುರುಗಡೆಯವರಿಗೆ ನೋಟಿಸ್ ಕೊಡಿ, ಅವರೂ ಬಂದು ಹೇಳಲಿ" ಅಂತಷ್ಟೇ ಬರೆದಿರ್ತಾರೆ, ಆದ್ರೆ ಅರ್ಜಿ ಹಾಕಿದವನು ಊರಿಗೆ ಬಂದು ಸ್ಟೇ ಸಿಕ್ತು ಅಂತ ಹೇಳ್ಬಿಡ್ತಾನೆ. ಊರಲ್ಲಿ ಯಾರೂ ಆರ್ಡರ್ ಕಾಪಿ ತೋರಿಸಪ್ಪ ಅಂತ ಕೇಳಲ್ಲ. ನೀವು ಕೇಳಿ.

ಹಾಗಂತ ಸ್ಟೇ ಇರೋಕೆ ಸಾಧ್ಯಾನೇ ಇಲ್ಲ ಅಂತಲ್ಲ, ಅರ್ಜೆಂಟ್ ಇದ್ರೆ ಎದುರು ಪಾರ್ಟಿನ ಕೇಳ್ದೇನೂ ಜಡ್ಜ್ ಕೊಡಬಹುದು. ಹಾಗೆ ಕೊಟ್ಟಿದ್ರೆ ಆ ಅರ್ಜಿಯನ್ನ 30 ದಿನದೊಳಗೆ ಎರಡೂ ಕಡೆ ಕೇಳಿ ಮುಗಿಸೋಕೆ ಕೋರ್ಟು ಪ್ರಯತ್ನ ಮಾಡ್ಬೇಕು ಅಂತ ಕಾನೂನಲ್ಲೇ ಇದೆ, ನೀವು ಹೋಗಿ ತಕರಾರು ಹಾಕಿದ್ರೆ ತೆರವೂ ಆಗಬಹುದು. ನಿಜವಾಗ್ಲೂ ಆರ್ಡರ್ ಇದ್ದು ಅದನ್ನ ಮೀರಿದ್ರೆ ಮಾತ್ರ ತೊಂದ್ರೆ, ಆಸ್ತಿ ಜಪ್ತಿಯಿಂದ ಹಿಡಿದು 3 ತಿಂಗಳವರೆಗೆ ಸಿವಿಲ್ ಜೈಲಿನವರೆಗೂ ಹೋಗಬಹುದು. ಆದ್ರಿಂದ ಗೊತ್ತಾಗೋವರೆಗೂ ಅಮ್ಮ ಹೊಲ ಬಿಟ್ಟು ಬರೋದೂ ಬೇಡ, ಅಲ್ಲಿ ಯಾರ ಹತ್ರಾನೂ ಜಗಳಕ್ಕೆ ನಿಲ್ಲೋದೂ ಬೇಡ.

ಗೊತ್ತಾಗೋದು ಹೇಗೆ ಅಂದ್ರೆ, ಆ ಸಮನ್ಸ್ ಪೇಪರ್ ಎತ್ಕೊಳ್ಳಿ. ಮೇಲ್ಗಡೆ ಯಾವ ಕೋರ್ಟು ಅಂತ ಇರುತ್ತೆ, ಸಿವಿಲ್ ಜಡ್ಜ್ ಕೋರ್ಟೋ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟೋ, ಶಿರಾದಂಥ ಕಡೆ ಒಂದೇ ಕಾಂಪೌಂಡಲ್ಲಿ ಒಂದಕ್ಕಿಂತ ಜಾಸ್ತಿ ಕೋರ್ಟ್ ಹಾಲ್ ಇರುತ್ತಲ್ಲ, ಅದಕ್ಕೇ ಇದು ಮುಖ್ಯ. ಅದರ ಕೆಳಗೆ ಓಎಸ್ ನಂಬರ್, ಅಂದ್ರೆ ದಾವೆಯ ನಂಬರ್: ಒಂದು ಸಂಖ್ಯೆ, ಅಡ್ಡಗೆರೆ, ವರ್ಷ. ಆಮೇಲೆ ವಾದಿ ಹೆಸರು, ಪ್ರತಿವಾದಿ ಅಂತ ಅಮ್ಮನ ಹೆಸರು, ಹಾಜರಾಗ್ಬೇಕಾದ ದಿನ, ಗಂಟೆ, ಕೋರ್ಟಿನ ಸೀಲು. ಇದರ ಜೊತೆ ವಾದಪತ್ರದ ನಕಲು ಕೊಡ್ಲೇಬೇಕು, ಎಷ್ಟೋ ಜನ ಮೇಲಿನ ಒಂದು ಹಾಳೆ ಮಾತ್ರ ಇಟ್ಕೊಂಡು ಹಿಂದಿನದನ್ನ ಎಲ್ಲೋ ಕಳ್ಕೊಂಡಿರ್ತಾರೆ, ಅಮ್ಮನ ಹತ್ರ ಹುಡುಕಿಸಿ, ಅವನು ಏನು ಕೇಳಿದಾನೆ ಅಂತ ಇರೋದು ಅದ್ರಲ್ಲೇ. ಸಮನ್ಸ್ ಕೈಗೆ ಬಂದ ತಾರೀಕು ಒಂದು ಕಡೆ ಬರೆದಿಡಿ.

ಓಎಸ್ ನಂಬರ್ ಸಿಕ್ತು ಅಂದ್ರೆ ಪೀಣ್ಯದಲ್ಲಿ ಕೂತೇ ನೋಡಬಹುದು. ಫೋನಿಗೆ ಇ-ಕೋರ್ಟ್ಸ್ ಸರ್ವೀಸಸ್ ಅನ್ನೋ ಸರ್ಕಾರಿ ಆ್ಯಪ್ ಹಾಕ್ಕೊಳ್ಳಿ, ಪುಕ್ಸಟ್ಟೆ. ಕರ್ನಾಟಕ, ತುಮಕೂರು, ಶಿರಾ ಅಂತ ಆರಿಸ್ಕೊಂಡು ಕೇಸ್ ನಂಬರ್ ಹಾಕಿ, ಇಲ್ಲಾ ಪಾರ್ಟಿ ಹೆಸರಲ್ಲಿ ಹುಡುಕಿ, ಹೆಸರನ್ನ ಇಂಗ್ಲಿಷಲ್ಲಿ ಎರಡು ಮೂರು ಥರ ಟೈಪ್ ಮಾಡಿ ನೋಡ್ಬೇಕಾಗುತ್ತೆ, ಕೋರ್ಟ್ ಸ್ಟಾಫ್ ಯಾವ ಸ್ಪೆಲ್ಲಿಂಗ್ ಹಾಕಿರ್ತಾರೋ ದೇವರೇ ಬಲ್ಲ. ಸಿಕ್ಕಿದ ಮೇಲೆ 16 ಅಕ್ಷರದ ಸಿಎನ್‌ಆರ್ ನಂಬರ್ ಬರುತ್ತೆ, ಅದನ್ನ ಸೇವ್ ಮಾಡ್ಕೊಂಡ್ರೆ ಮುಂದೆ ಒಂದೇ ಒತ್ತಿಗೆ ಕೇಸ್ ಓಪನ್ ಆಗುತ್ತೆ. ಮುಂದಿನ ಡೇಟ್ ಯಾವಾಗ, ಯಾವ ಹಂತದಲ್ಲಿದೆ, ಹಿಂದಿನ ದಿನಾಂಕಗಳಲ್ಲಿ ಏನಾಯ್ತು ಎಲ್ಲಾ ಅಲ್ಲಿದೆ, ಆ ಹಳೇ ತಾರೀಕು ಒತ್ತಿದ್ರೆ ಅವತ್ತಿನ ಬಿಸಿನೆಸ್ ಅಂತ ಎರಡು ಮೂರು ಸಾಲು ತೋರಿಸುತ್ತೆ. ನೀವು ನೋಡ್ಬೇಕಾದ್ದು ಎರಡೇ. ಐಎ ಮೇಲೆ ಆರ್ಡರ್ ಆಗಿದೆಯಾ, ಅಮ್ಮ ಹೋಗದೇ ಇದ್ದ ದಿನ "ಪ್ರತಿವಾದಿ ಎಕ್ಸ್ ಪಾರ್ಟೆ" ಅಂತ ಬರೆದಿದಾರಾ.

ಎಕ್ಸ್ ಪಾರ್ಟೆ ಅಂದಿದ್ರೂ ಹೆದರ್ಬೇಡಿ, ಆದ್ರೆ ನಿಧಾನ ಮಾಡ್ಬೇಡಿ. ಅದಿನ್ನೂ ತೀರ್ಪಲ್ಲ. ಕರೆದಾಗ ಪ್ರತಿವಾದಿ ಬರ್ಲಿಲ್ಲ, ಅವರನ್ನ ಬಿಟ್ಟೇ ಮುಂದುವರಿಸ್ತೀವಿ ಅಂತ ಅಷ್ಟೇ ಅರ್ಥ. ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 9 ರೂಲ್ 7ರಲ್ಲಿ ಒಂದು ಅರ್ಜಿ ಹಾಕಿ, ಬರ್ದೇ ಇದ್ದಿದ್ದಕ್ಕೆ ಕಾರಣ ಹೇಳಿದ್ರೆ ಒಳಗೆ ಬಿಡ್ತಾರೆ, ಸ್ವಲ್ಪ ಖರ್ಚು ಕಟ್ಟಿ ಅನ್ನಬಹುದು. ಕಾರಣ ಬರೆಯುವಾಗ ಜ್ವರ ಬಂದಿತ್ತು ಅಂತ ಯಾರೋ ಡಾಕ್ಟರ ಹತ್ರ ಸರ್ಟಿಫಿಕೇಟ್ ತರೋ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಮಾಡ್ಬೇಡಿ, ನಿಮ್ಮ ನಿಜವಾದ ಕಾರಣಾನೇ ಗಟ್ಟಿಯಾಗಿದೆ: ವಾದೀನೇ ಬಂದು ಊರಲ್ಲಿ ಮಾತಾಡೋಣ ಅಂತ ನಂಬಿಸಿದ, ಅಮ್ಮ ಒಂಟಿ ಹೆಂಗಸು, ಓದು ಬರಹ ಬರಲ್ಲ ಅಂದ್ರೆ ಅದನ್ನೂ ಬರೆಸಿ. ತೀರ್ಪೇ ಆಗಿಹೋದ್ರೆ ಆಗ ಅದೇ ಆರ್ಡರ್ 9ರ ರೂಲ್ 13, ಅದಕ್ಕೆ 30 ದಿನ ಟೈಮು. ಇಲ್ಲೊಂದು ಸೂಕ್ಷ್ಮ ಇದೆ. ಸಮನ್ಸೇ ಬಂದಿರ್ಲಿಲ್ಲ ಅಂದ್ರೆ ತೀರ್ಪಿನ ವಿಷ್ಯ ಗೊತ್ತಾದ ದಿನದಿಂದ ಆ 30 ದಿನ ಎಣಿಸ್ತಾರೆ, ನಿಮ್ಮಮ್ಮ ಹೆಬ್ಬೆಟ್ಟು ಒತ್ತಿ ಇಸ್ಕೊಂಡಿದಾರೆ, ಹಾಗಾಗಿ ತೀರ್ಪಿನ ದಿನದಿಂದ್ಲೇ ಎಣಿಕೆ, ನಂಗೆ ಗೊತ್ತೇ ಇರ್ಲಿಲ್ಲ ಅನ್ನೋ ಮಾತು ನಡೆಯಲ್ಲ. ಇಸ್ಕೊಂಡಿದ್ದು ತಪ್ಪಾಯ್ತು ಅಂತ ಅಂದ್ಕೋಬೇಡಿ ಮತ್ತೆ, ಬೇಡ ಅಂತ ವಾಪಸ್ ಕಳಿಸಿದ್ರೂ ಕೊಟ್ಟ ಹಾಗೇ ಲೆಕ್ಕ, ಬಾಗಿಲಿಗೆ ಅಂಟಿಸಿ ಹೋಗ್ತಾರೆ. ಸಮನ್ಸ್ ತಿರಸ್ಕರಿಸಿದ್ರೆ ಕೇಸ್ ನಿಲ್ಲುತ್ತೆ ಅನ್ನೋದು ಅರಳಿಕಟ್ಟೆ ಕಾನೂನು.

ಇನ್ನು ವಕೀಲರ ವಿಷ್ಯ. ನಿಮ್ಮಮ್ಮನಿಗೆ ಸರ್ಕಾರದ ಖರ್ಚಲ್ಲಿ ವಕೀಲರು ಸಿಗ್ತಾರೆ. ಇದು ಯಾರೋ ದಯೆ ತೋರಿಸಿ ಕೊಡೋದಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಲ್ಲಿ ಬರೆದಿರೋ ಹಕ್ಕು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕೆಲಸಗಾರರು, ಕಸ್ಟಡಿಯಲ್ಲಿರೋರು, ಇವರಿಗೆಲ್ಲಾ ಆದಾಯ ಎಷ್ಟು ಅಂತ ಕೇಳೋ ಹಾಗೇ ಇಲ್ಲ, ಆದಾಯದ ಮಿತಿ ಇರೋದು ಉಳಿದವರಿಗೆ. ಅಂದ್ರೆ ಅಮ್ಮ ಆದಾಯ ಪ್ರಮಾಣಪತ್ರಕ್ಕೆ ಅಂತ ನಾಡಕಚೇರಿ ಕ್ಯೂನಲ್ಲಿ ನಿಲ್ಲೋ ಅಗತ್ಯಾನೇ ಇಲ್ಲ. ಯಾರಾದ್ರೂ ತನ್ನಿ ಅಂದ್ರೆ "ಹೆಂಗಸರಿಗೆ ಬೇಡ ಅಲ್ವಾ ಸಾರ್" ಅನ್ನಿ, ಸುಮ್ಮನಾಗ್ತಾರೆ.

ಎಲ್ಲಿ ಸಿಗುತ್ತೆ ಅಂದ್ರೆ ಅದೇ ಕೋರ್ಟ್ ಆವರಣದಲ್ಲಿ. ತಾಲೂಕು ಕಾನೂನು ಸೇವಾ ಸಮಿತಿ ಅಂತ ಬೋರ್ಡ್ ಇರೋ ಒಂದು ಸಣ್ಣ ರೂಮು, ಎಷ್ಟೋ ಕಡೆ ಮೆಟ್ಟಿಲ ಕೆಳಗೋ ರೆಕಾರ್ಡ್ ರೂಮ್ ಪಕ್ಕಾನೋ ಇರುತ್ತೆ, ಕಾಣಲ್ಲ, ಕೇಳಿ ಹೋಗ್ಬೇಕು. ಅದರ ಅಧ್ಯಕ್ಷರು ಅಲ್ಲಿನ ಹಿರಿಯ ಜಡ್ಜೇ. ಬಿಳಿ ಹಾಳೇಲಿ ಕನ್ನಡದಲ್ಲಿ ಬರೆದು ಕೊಟ್ರೂ ಆಗುತ್ತೆ: ನನ್ನ ಮೇಲೆ ಇಂಥ ಓಎಸ್ ನಂಬರ್ ದಾವೆ ಇದೆ, ಮುಂದಿನ ದಿನಾಂಕ ಇಂಥದ್ದು, ವಕೀಲರನ್ನ ಇಡೋ ಶಕ್ತಿ ಇಲ್ಲ, ಉಚಿತ ಕಾನೂನು ನೆರವು ಕೊಡಿ. ಜೊತೆಗೆ ಆಧಾರ್ ಜೆರಾಕ್ಸ್, ಸಮನ್ಸ್ ಮತ್ತು ವಾದಪತ್ರದ ಜೆರಾಕ್ಸ್. ಬರೆಯೋಕೆ ಬರದೇ ಇದ್ರೆ ಅಲ್ಲಿ ಅರೆಕಾನೂನು ಸ್ವಯಂಸೇವಕರು ಅಂತ ಇರ್ತಾರೆ, ಅವರೇ ಬರ್ಕೊಡ್ತಾರೆ. ಅರ್ಜಿ ಕೊಟ್ಟಿದ್ದಕ್ಕೆ ಇನ್ನೊಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಂಡು ಬನ್ನಿ, ಇದನ್ನ ಮರೀಬೇಡಿ. ಅಲ್ಲಿ ಆಗ್ಲಿಲ್ಲ, ಇವತ್ತು ನಾಳೆ ಅಂತ ಅಲೆದಾಡಿಸಿದ್ರು ಅಂದ್ರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅದಕ್ಕೆ ಸದಸ್ಯ ಕಾರ್ಯದರ್ಶಿ ಅಂತ ಒಬ್ಬರು ಜಡ್ಜ್ ಇರ್ತಾರೆ, ನೇರವಾಗಿ ಅವರನ್ನೇ ನೋಡಿ. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ.

ಸಮಿತಿ ಒಬ್ಬ ಪ್ಯಾನಲ್ ವಕೀಲರನ್ನ ನೇಮಕ ಮಾಡಿ ಪತ್ರ ಕೊಡುತ್ತೆ. ಅವರ ಫೀಸು, ಕೋರ್ಟ್ ಶುಲ್ಕ, ಟೈಪಿಂಗು, ನಕಲು ತೆಗೆಸೋದು ಎಲ್ಲಾ ಸಮಿತೀದೇ, ಅವರು ಅಮ್ಮನ ಹತ್ರ ಒಂದು ರೂಪಾಯಿ ಕೇಳಂಗಿಲ್ಲ, ಕೇಳಿದ್ರೆ ಸಮಿತಿಗೇ ಬರೆದು ಕೊಡಿ, ಬೇರೆಯವರನ್ನ ಕೊಡ್ತಾರೆ. ಪುಕ್ಸಟ್ಟೆ ವಕೀಲರು ಕೆಲ್ಸ ಮಾಡಲ್ಲ ಅಂತ ಜನ ಹೇಳೋದು ನನಗೂ ಗೊತ್ತು. ಕೆಲವರು ಮಾಡಲ್ಲ, ನಿಜ. ಆದ್ರೆ ದುಡ್ಡು ಇಸ್ಕೊಂಡೂ ಮಾಡ್ದೇ ಇರೋರು ಕಮ್ಮಿ ಇಲ್ಲ, ಅದಕ್ಕಿಂತ ಮುಖ್ಯವಾಗಿ ಯಾವ ವಕೀಲರೇ ಆಗ್ಲಿ, ತಾನಾಗೇ ಬಂದು ಕಾಗದ ತಂದುಕೊಡೋ, ಡೇಟಿಗೆ ಎರಡು ದಿನ ಮುಂಚೆ ಫೋನ್ ಮಾಡೋ ಪಾರ್ಟಿ ಕೇಸನ್ನ ಮರೆಯಲ್ಲ. ನಿಮ್ಮ ಕೈಯಲ್ಲಿ ಆ್ಯಪ್ ಇದೆ, "ಸಾರ್, 14ಕ್ಕೆ ತಕರಾರಿಗೆ ಇದೆಯಲ್ಲ, ರೆಡಿ ಆಯ್ತಾ" ಅಂತ ನೀವೇ ಕೇಳಿದ್ರೆ ಅವರಿಗೂ ಗೊತ್ತಾಗುತ್ತೆ ಈ ಹುಡುಗಿ ನೋಡ್ತಾ ಇದಾಳೆ ಅಂತ.

ವಕೀಲರು ನೇಮಕ ಆಗೋಕೆ ಮುಂಚೆನೇ ಡೇಟ್ ಬಂದ್ಬಿಟ್ರೆ? ಅಮ್ಮ ಹೋಗಿ ನಿಲ್ಲಲಿ. 11 ಗಂಟೆಗೆ ಮುಂಚೆ ಹೋಗಿ ಹಾಲಿನ ಬಾಗಿಲ ಹತ್ರ ಹಾಕಿರೋ ಕಾಸ್ ಲಿಸ್ಟಲ್ಲಿ, ಅಂದ್ರೆ ಅವತ್ತಿನ ಕೇಸುಗಳ ಪಟ್ಟೀಲಿ, ನಂಬರ್ ಎಷ್ಟನೇದು ಅಂತ ಯಾರನ್ನಾದ್ರೂ ಕೇಳಿ ನೋಡಿಸ್ಕೋಬೇಕು. ಅಟೆಂಡರ್ ಹೆಸರು ಕೂಗಿದಾಗ ಟೀ ಕುಡಿಯೋಕೆ ಹೋಗಿದ್ರೆ ಕಥೆ ಮುಗೀತು, ಅಲ್ಲೇ ಇರ್ಬೇಕು. ಕೂಗಿದ ತಕ್ಷಣ ಮುಂದೆ ಹೋಗಿ ಕೈ ಮುಗಿದು "ಸ್ವಾಮಿ, ನಾನೇ ಪ್ರತಿವಾದಿ, ಉಚಿತ ವಕೀಲರಿಗೆ ಅರ್ಜಿ ಕೊಟ್ಟಿದೀನಿ, ಟೈಮ್ ಕೊಡಿ" ಅಂದ್ರೆ ಸಾಕು, ಆ ಸೀಲ್ ಹಾಕಿಸಿದ ಪ್ರತಿ ತೋರಿಸ್ಲಿ. ಕನ್ನಡದಲ್ಲೇ ಹೇಳ್ಲಿ, ನಮ್ಮ ತಾಲೂಕು ಕೋರ್ಟಿನ ಭಾಷೆ ಕನ್ನಡಾನೇ. ಕೆಳಗೆ ಕೂತಿರೋ ಬೆಂಚ್ ಕ್ಲರ್ಕ್ ಮುಂದಿನ ತಾರೀಕು ಹೇಳ್ತಾರೆ, ಚೀಟೀಲಿ ಬರೆಸ್ಕೊಂಡು ಬರ್ಲಿ. ಜಡ್ಜ್ ಮುಂದೆ ಕಷ್ಟ ಸುಖ ಎಲ್ಲಾ ಹೇಳೋಕೆ ಹೋಗೋದು ಬೇಡ, ಅದಕ್ಕೆ ಬೇರೆ ದಿನ ಇದೆ.

ಆಮೇಲೆ ತಕರಾರು, ಅಂದ್ರೆ ರಿಟನ್ ಸ್ಟೇಟ್‌ಮೆಂಟ್. ಸಮನ್ಸ್ ಬಂದ ದಿನದಿಂದ 30 ದಿನ, ಕಾರಣ ಹೇಳಿದ್ರೆ 90 ದಿನದವರೆಗೆ. ಅದಾದ್ಮೇಲೂ ತಗೊಳ್ಳೋ ಉದಾಹರಣೆ ಇದೆ, ಆದ್ರೆ ಅದು ಜಡ್ಜ್ ವಿವೇಚನೆ, ನಿಮ್ಮ ಹಕ್ಕಲ್ಲ. ನೀವು ಬರೆದಿದ್ದು ನೋಡಿದ್ರೆ ಅವನು ಹಾಕಿರೋದು ಬಹುಶಃ ಶಾಶ್ವತ ನಿರ್ಬಂಧಕಾಜ್ಞೆ ಕೇಳೋ ದಾವೆ, ಜಮೀನು ನನ್ನ ಸ್ವಾಧೀನದಲ್ಲಿದೆ, ಇವರು ಅಡ್ಡಿ ಮಾಡ್ತಿದಾರೆ ಅಂತ. ಇಂಥ ಕೇಸಲ್ಲಿ ದಾವೆ ಹಾಕಿದ ದಿನ ಜಮೀನು ಯಾರ ಸ್ವಾಧೀನದಲ್ಲಿತ್ತು ಅನ್ನೋದೇ ಜೀವಾಳ. ಹಾಗಾಗಿ ಪಹಣಿ ತೆಗೆಸಿ, ಈ ವರ್ಷದ್ದೊಂದೇ ಅಲ್ಲ, ಸಿಗೋವಷ್ಟು ಹಿಂದಿನದ್ದು, ಕೈಬರಹದ ಹಳೇ ಪಹಣಿ ತಾಲೂಕಾಫೀಸ್ ರೆಕಾರ್ಡ್ ರೂಮಿಂದ. ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 12ರಲ್ಲಿ ಸಾಗುವಳಿ ಯಾರದ್ದು ಅಂತ ಇರುತ್ತೆ, ಎರಡನ್ನೂ ವರ್ಷವಾರು ನೋಡಿ, ಯಾವ ವರ್ಷದಿಂದ ಹೆಸರು ಬದಲಾಯ್ತು ಅಂತ ಹಿಡೀರಿ. ಅಪ್ಪನ ಹೆಸರು ಕಾಲಂ 12ರಲ್ಲಿ ಹತ್ತಾರು ವರ್ಷ ಇದ್ರೆ ಅದು ಬಾಯಿಮಾತಿನ ಭಾಗಕ್ಕೂ ಒಂದು ಆಧಾರ ಆಗುತ್ತೆ. ಕಂದಾಯ ರಶೀದಿ, ಸೊಸೈಟಿ ಬೆಳೆ ಸಾಲದ ಪಾಸ್‌ಬುಕ್, ಬೋರ್‌ವೆಲ್ ಇದ್ರೆ ಅಪ್ಪನ ಹೆಸರಿನ ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್, ಬೆಳೆ ಪರಿಹಾರ ಬ್ಯಾಂಕಿಗೆ ಬಿದ್ದಿರೋ ಎಂಟ್ರಿ, ಕಡ್ಲೆಕಾಯಿ ಮಾರಿದ ಮಂಡಿ ಚೀಟಿ, ಬೆಳೆ ಸಮೀಕ್ಷೆಯ ವಿವರ, ಏನು ಸಿಗುತ್ತೋ ಎಲ್ಲಾ ಒಂದು ಬ್ಯಾಗಿಗೆ ಹಾಕಿ. ಪಕ್ಕದ ಹೊಲದವರಲ್ಲಿ ಸಾಕ್ಷಿ ಹೇಳೋ ಧೈರ್ಯ ಯಾರಿಗಿದೆ ಅಂತ ಈಗ್ಲೇ ಮಾತಾಡಿಸಿ, ಎರಡು ವರ್ಷ ಆದ್ಮೇಲೆ ಯಾರೂ ಸಿಗಲ್ಲ.

ಜನ ಸಾಮಾನ್ಯವಾಗಿ ದಾರಿ ತಪ್ಪೋದು ಇಲ್ಲೇ, ತಾಲೂಕಾಫೀಸ್ ಬೇರೆ ಕೋರ್ಟು ಬೇರೆ. ಖಾತೆ, ಮ್ಯುಟೇಷನ್, ಫೌತಿ ಖಾತೆ ಇದೆಲ್ಲಾ ತಹಶೀಲ್ದಾರ್ ಕಡೆ, ಅಲ್ಲಿ ತಪ್ಪಾಗಿ ಅವನ ಹೆಸರಿಗೆ ಏರಿದ್ರೆ ಮೇಲ್ಮನವಿ ಎಸಿ, ಅಂದ್ರೆ ಉಪವಿಭಾಗಾಧಿಕಾರಿ ಹತ್ರ. ಆದ್ರೆ ಜಮೀನು ಯಾರದ್ದು ಅಂತ ತೀರ್ಮಾನ ಮಾಡೋ ಅಧಿಕಾರ ತಹಶೀಲ್ದಾರ್‌ಗೂ ಇಲ್ಲ, ಎಸಿಗೂ ಇಲ್ಲ, ಅದು ಸಿವಿಲ್ ಕೋರ್ಟಿನ ಕೆಲ್ಸ. ಪಹಣೀಲಿ ಇರೋದನ್ನ ಸುಳ್ಳು ಅಂತ ಸಾಬೀತಾಗೋವರೆಗೂ ನಿಜ ಅಂತ ಭಾವಿಸ್ಬೇಕು ಅಂತ ಭೂಕಂದಾಯ ಕಾಯ್ದೆ ಹೇಳುತ್ತೆ, ಆದ್ರೆ ಪಹಣಿ ಹಕ್ಕುಪತ್ರ ಅಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋದ್ರೆ ಸಿವಿಲ್ ಮ್ಯಾಟ್ರು ಅಂತಾರೆ, ಅದು ಸರೀನೇ, ಹೊಡೆದಾಟ ಬೆದರಿಕೆ ಆದ್ರೆ ಮಾತ್ರ ಅಲ್ಲಿಗೆ ಹೋಗಿ.

ಇನ್ನೊಂದು ವಿಷ್ಯ ನಿಮ್ಮ ವಕೀಲರ ಹತ್ರ ಖಂಡಿತ ಎತ್ತಿ. ಭಾಗಕ್ಕೆ ಪತ್ರ ಇಲ್ಲ ಅಂದ್ರಿ. ಅವನ ದಾವೆಗೆ ಬರೀ ಸುಳ್ಳು ಸುಳ್ಳು ಅಂತ ಉತ್ತರ ಕೊಟ್ಟು ಕೂತ್ಕೊಳ್ಳೋದಾ, ಇಲ್ಲಾ ಭಾಗಾನೇ ಆಗಿಲ್ಲ ಅಂತ ಕೋರ್ಟ್ ಹೇಳೋದಾದ್ರೆ ನಮ್ಮ ಪಾಲು ಕೊಡಿಸಿ ಅಂತ ಪ್ರತಿದಾವೆ ಹಾಕೋದಾ? ಅಪ್ಪನ ಪಾಲಲ್ಲಿ ಅಮ್ಮನಿಗೂ ಹಕ್ಕಿದೆ, ನಿಮಗೂ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಹುಟ್ಟಿನಿಂದ್ಲೇ ಮಗನಷ್ಟೇ ಹಕ್ಕು, 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಲ್ಲಿ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರ್ಬೇಕು ಅಂತಾನೂ ಇಲ್ಲ ಅಂದಿದೆ. ಮದುವೆ ಆಗಿದ್ರೂ ಅಷ್ಟೇ. ನಿಮ್ಮನ್ನ ಕೇಸಲ್ಲಿ ಪಾರ್ಟಿ ಮಾಡಿಲ್ಲ ಅನ್ಸುತ್ತೆ, ಮಾಡಿಸ್ಕೋಬೇಕಾ ಅಂತ ಕೇಳಿ. ಪಾಲಿನ ದಾವೆ ಉದ್ದ, ಅದನ್ನೂ ತಿಳ್ಕೊಂಡಿರಿ: ಮೊದ್ಲು ಯಾರಿಗೆ ಎಷ್ಟು ಪಾಲು ಅಂತ ಪ್ರಾಥಮಿಕ ಡಿಕ್ರಿ, ಆಮೇಲೆ ಎಫ್‌ಡಿಪಿ ಅಂತ, ಅಂದ್ರೆ ಅಂತಿಮ ಡಿಕ್ರಿಗೆ, ಇನ್ನೊಂದು ಸುತ್ತು, ಆಗ ಸರ್ವೆಯರ್ ಬಂದು ಅಳೆದು ಕಲ್ಲು ನೆಡೋದು. ಎಷ್ಟೋ ಜನ ಮೊದಲನೇ ಡಿಕ್ರಿ ಬಂದಾಗ್ಲೇ ಗೆದ್ವಿ ಅಂತ ಮನೇಗೆ ಹೋಗ್ಬಿಡ್ತಾರೆ.

ರಾಜಿ ಮಾತು ಖಂಡಿತ ಬರುತ್ತೆ, ಅದನ್ನ ಬೇಡ ಅನ್ಬೇಡಿ, ಆದ್ರೆ ಅರಳಿಕಟ್ಟೇಲಿ ಬೇಡ, ಲೋಕ ಅದಾಲತ್ತಲ್ಲಿ ಮಾಡ್ಕೊಳ್ಳಿ. ಅಲ್ಲಿ ಆದ ರಾಜಿ ಕೋರ್ಟ್ ಡಿಕ್ರಿಗೆ ಸಮ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತೆ, ಅವನು ನಾಳೆ ನಾನು ಒಪ್ಪಿಲ್ಲ ಅನ್ನೋಹಾಗಿಲ್ಲ. ಅಮ್ಮಾನೂ ಅನ್ನೋಹಾಗಿಲ್ಲ, ಅದೇ ಭಯ. ಲೋಕ ಅದಾಲತ್ ಅವಾರ್ಡ್ ಮೇಲೆ ಅಪೀಲೇ ಇಲ್ಲ. ಅವತ್ತು ನೂರಾರು ಕೇಸ್ ಇರುತ್ತೆ, ಗಲಾಟೆ, ಯಾರೋ ಪ್ರಿಂಟ್ ಹಾಕಿದ ಹಾಳೆ ತಂದು "ಇಲ್ಲೊಂದು ಹೆಬ್ಬೆಟ್ಟು ಹಾಕಮ್ಮ" ಅಂತಾರೆ. ಅವತ್ತು ಮಾತ್ರ ನೀವು ಪಕ್ಕದಲ್ಲಿರಿ. ಸರ್ವೆ ನಂಬರ್, ಎಕರೆ ಗುಂಟೆ, ನಾಲ್ಕೂ ಕಡೆ ಚಕ್ಕುಬಂದಿ, ದಾರಿ ಯಾವ ಕಡೆಯಿಂದ, ಬೋರ್ ಯಾರಿಗೆ, ಪ್ರತಿಯೊಂದನ್ನ ಜೋರಾಗಿ ಓದಿ ಅಮ್ಮಂಗೆ ಹೇಳಿ, ಆಮೇಲೆ ಹೆಬ್ಬೆಟ್ಟು. ದಾರಿ ವಿಷ್ಯ ಬರೆಯದೇ ಆದ ರಾಜಿಗಳು ಮತ್ತೆ ಹೊಸ ದಾವೆ ಆಗಿ ವಾಪಸ್ ಬಂದಿದ್ದು ನಾನು ಬೇಕಾದಷ್ಟು ನೋಡಿದೀನಿ.

ಇದೇ ಮಾತು ಖಾಲಿ ಕಾಗದಕ್ಕೂ. ವಕಾಲತ್ತಿಗೆ, ಅಂದ್ರೆ ವಕೀಲರಿಗೆ ಕೇಸ್ ನಡೆಸೋ ಅಧಿಕಾರ ಕೊಡೋ ಪತ್ರಕ್ಕೆ, ಹೆಬ್ಬೆಟ್ಟು ಹಾಕ್ಬೇಕು, ಅದು ಸರಿ, ಆದ್ರೆ ಓಎಸ್ ನಂಬರ್, ಹೆಸರು ತುಂಬಿರ್ಬೇಕು. ಖಾಲಿ ಬಾಂಡ್ ಪೇಪರಿಗೆ ಯಾರು ಕೇಳಿದ್ರೂ ಇಲ್ಲ. ಆ 30 ಸಾವಿರ ಕೇಳಿದೋರು ವಕೀಲರೇ ಅಲ್ಲ ಅನ್ನೋದು ನನ್ನ ಅಂದಾಜು, ಹೌದು ಅಂದ್ರೆ ಅವರ ಎನ್‌ರೋಲ್‌ಮೆಂಟ್ ನಂಬರ್ ಕೇಳಿ, ಮುಖ ನೋಡಿ. ಮುಂದೆ ಎಂದಾದ್ರೂ ದುಡ್ಡು ಕೊಟ್ಟು ವಕೀಲರನ್ನ ಇಟ್ರೂ ಫೀಸ್ ಒಟ್ಟಾ, ಡೇಟಿಗಿಷ್ಟಾ ಅಂತ ಮೊದ್ಲೇ ಮಾತಾಡಿ ರಶೀದಿ ತಗೊಳ್ಳಿ, ಹಾಕಿದ ಪ್ರತಿ ಕಾಗದದ ಜೆರಾಕ್ಸ್ ನಿಮ್ಮ ಹತ್ರ ಇರ್ಲಿ. ವಕೀಲರನ್ನ ಬದಲಾಯಿಸೋದು ನಿಮ್ಮ ಹಕ್ಕು, ಫೀಸ್ ಬಾಕಿ ಇದೆ ಅಂತ ಫೈಲ್ ಹಿಡ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ.

ರಜದ ಬಗ್ಗೆ ಕೇಳಿದ್ರಿ. ಇದು ಸಿವಿಲ್ ಕೇಸು, ವಕಾಲತ್ತು ಹಾಕಿ ವಕೀಲರು ಹಾಜರಾಗ್ತಿದ್ರೆ ಪ್ರತಿ ವಾಯಿದೆಗೆ ನೀವೂ ಹೋಗ್ಬೇಕಿಲ್ಲ, ಅಮ್ಮಾನೂ ಹೋಗ್ಬೇಕಿಲ್ಲ. ವಾರಂಟ್ ಬರುತ್ತೆ ಅಂತ ಹೆದರಿಸೋರು ಕ್ರಿಮಿನಲ್ ಕೇಸನ್ನ ಇದರ ಜೊತೆ ಸೇರಿಸಿ ಮಾತಾಡ್ತಿದಾರೆ. ಅಮ್ಮ ನಿಮಗೆ ಜಿಪಿಎ, ಅಂದ್ರೆ ಅಧಿಕಾರ ಪತ್ರ ಬರ್ಕೊಟ್ರೆ ಓಡಾಟ, ಸಹಿ ನೀವೇ ನೋಡ್ಕೋಬಹುದು, ಆದ್ರೆ ಅಮ್ಮ ಕಣ್ಣಾರೆ ಕಂಡಿದ್ದನ್ನ ನೀವು ಸಾಕ್ಷಿ ಕಟ್ಟೇಲಿ ಹೇಳೋಕಾಗಲ್ಲ, ಯಾರು ಉಳ್ತಿದ್ರು, ಭಾಗ ಹೇಗಾಯ್ತು ಅಂತ ಅಮ್ಮನೇ ಹೇಳ್ಬೇಕು. ಆಗ ಅವರಿಗೆ ಓಡಾಡೋಕೆ ಆಗದೇ ಇದ್ರೆ ಕಮಿಷನರ್ ನೇಮಿಸಿ ಮನೇಲೇ ಹೇಳಿಕೆ ತಗೊಳ್ಳಿ ಅಂತ ಅರ್ಜಿ ಹಾಕಬಹುದು. ನೀವು ರಜ ಹಾಕ್ಬೇಕಾದ್ದು ಸಮಿತಿಗೆ ಅರ್ಜಿ ಕೊಡೋ ದಿನ, ವಕೀಲರ ಎದುರು ಕೂತು ತಕರಾರು ಬರೆಸೋ ದಿನ, ಅಮ್ಮನ ಸಾಕ್ಷಿ ದಿನ, ರಾಜಿ ಆದ್ರೆ ಆ ದಿನ. ಅರ್ಜಿ ಕೊಡೋಕೆ ಶನಿವಾರಕ್ಕೆ ಕಾಯ್ಬೇಡಿ, ಎರಡನೇ ನಾಲ್ಕನೇ ಶನಿವಾರ ಕೋರ್ಟ್ ರಜ ಇರುತ್ತೆ, ಈ ವಾರದಲ್ಲೇ ಒಂದು ದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡಿ, ಅಮ್ಮನಿಗೆ ಆಧಾರ್ ಮತ್ತೆ ಆ ಸಮನ್ಸ್ ತಗೊಂಡು ಶಿರಾ ಕೋರ್ಟ್ ಗೇಟ್ ಹತ್ರ ಬಂದಿರೋಕೆ ಹೇಳಿ.